ಎರಿಮಣ್ಣು ಕುಡಿದ ಮದ್ದು

ಹೋದ ಮಳೆಗಾಲದಲ್ಲಿ ನಮ್ಮ ಎಮ್ಮೆಗೆ ಕೆಚ್ಚಲು ಬಾವು ಬಂತು. ಎರಡನೇ ಸೂಲಿನ ಎಮ್ಮೆ, ಹೊತ್ತಿಗೆ ನಾಲ್ಕು ಲೀಟರಿಗೆ ಕಡಿಮೆ ಇರಲಿಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮಂಥ ಒಣಬೇಸಾಯದವರ ಮನೆ ನಡೆಯುವುದು ಹೊಲದಿಂದಲ್ಲ, ಹಾಲಿನಿಂದ. ಮೊದಲು ಒಂದು ಮೊಲೆಯ ಹಾಲಿನಲ್ಲಿ ಗಡ್ಡೆ ಕಾಣಿಸಿತು, ಆಮೇಲೆ ಕೆಚ್ಚಲು ಕಲ್ಲಿನಂತೆ ಬಿಗಿಯಿತು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಹಿಂಡುವ ಮೊದಲು ಮತ್ತು ಹಿಂಡಿದ ಮೇಲೆ ಕೆಚ್ಚಲು ತೊಳೆಯಲು ಒಂದು ಮದ್ದು ಬರೆದುಕೊಟ್ಟರು. ಅಂಗಡಿಯಿಂದ ತಂದು, ಚೀಟಿಯಲ್ಲಿ ಹೇಳಿದಷ್ಟೇ ಅಳೆದು ಬಕೆಟ್ ನೀರಿಗೆ ಹಾಕಿ, ಅರಿವೆ ಅದ್ದಿ ಅದ್ದಿ ಎರಡು ಹೊತ್ತೂ ತಪ್ಪದೆ ಒರೆಸಿದೆವು. ಹದಿನೈದು ದಿನ ಆಗುವುದರೊಳಗೆ ಪಕ್ಕದಲ್ಲಿ ಕಟ್ಟಿದ ಎಮ್ಮೆಗೂ ಅದೇ ರೋಗ ಹತ್ತಿತು. ಮೊದಲಿನದರ ಒಂದು ಮೊಲೆ ಬತ್ತಿಯೇ ಹೋಯಿತು.

ನಾನು ಬೈದದ್ದು ಮದ್ದನ್ನು. ನೀರು ಕಲಸಿ ಮಾರಿದ್ದಾರೆ ಅಂತ ಊರೆಲ್ಲ ಹೇಳಿಕೊಂಡು ಬಂದೆ. ಮತ್ತೊಮ್ಮೆ ಡಾಕ್ಟರು ಬಂದಾಗ ಬಾಟಲಿಯನ್ನೇ ಅವರ ಕೈಗೆ ಕೊಟ್ಟೆ. ಅವರು ಬಾಟಲಿ ನೋಡಲಿಲ್ಲ, ಬಕೆಟ್ ನೋಡಿದರು. ನೀರು ಕೃಷಿ ಹೊಂಡದ್ದು. ಎರಿ ಭೂಮಿಯ ಹೊಂಡದ ನೀರು ಮಳೆಗಾಲ ಮುಗಿಯುವ ತನಕ ತಿಳಿಯಾಗುವುದಿಲ್ಲ, ಚಹಾದ ಬಣ್ಣದ್ದೇ ಇರುತ್ತದೆ. ಅದರ ಮೇಲೆ ಕೆಸರಿನಲ್ಲಿ ಮಲಗಿ ಎದ್ದ ಎಮ್ಮೆಯ ಕೆಚ್ಚಲು ಒರೆಸಿದ ಅರಿವೆ ಅದೇ ಬಕೆಟ್ಟಿಗೆ.

"ಯಜಮಾನ್ರ, ಮದ್ದು ಎಮ್ಮಿಗೆ ಹಾಕಿಲ್ಲ ನೀವು, ಮಣ್ಣಿಗೆ ಹಾಕೀರಿ" ಅಂದರು.

"ನಾನು ಮೊದಲ ದಿನಾನ ಹೇಳಿದ್ದೆ, ರಾಡಿ ನೀರು ಬ್ಯಾಡ್ರೀ ಅಂತ" ಎಂದು ಮನೆಯವರು ಒಳಗಿನಿಂದಲೇ ಕೂಗಿದರು. ಹೇಳಿದ್ದು ನಿಜ. ಅವರು ಹೇಳಿದ್ದು ಸ್ವಚ್ಛತೆಗೆ, ಡಾಕ್ಟರು ಹೇಳಿದ್ದು ಬೇರೆ ಸಂಗತಿ. ಮದ್ದನ್ನು ಮಣ್ಣು ಹೇಗೆ ಕುಡಿಯುತ್ತದೆ ಎಂದು ಅವತ್ತು ಕೇಳಿದ್ದು, ಆಮೇಲೆ ಅವರಿವರನ್ನು ಕೇಳಿ ತಿಳಿದದ್ದು, ನಾನೇ ಬಾಟಲಿಯಲ್ಲಿ ಮಾಡಿ ನೋಡಿದ್ದು, ಇವನ್ನೆಲ್ಲ ಇಲ್ಲಿ ಬರೆದಿದ್ದೇನೆ. ಕೆಚ್ಚಲು ಬಾವಿಗೆ ಕಾರಣ ಒಂದೇ ಅಲ್ಲ. ನೆಲ ಒದ್ದೆ ಇದ್ದದ್ದು, ಎರಡು ಎಮ್ಮೆಗೂ ಒಂದೇ ಅರಿವೆ ಹಿಡಿದದ್ದು ಇವೂ ನಮ್ಮ ತಪ್ಪೇ. ಆದರೆ ಮದ್ದು ಕೆಲಸ ಮಾಡದೆ ಹೋದದ್ದಕ್ಕೆ ಕಾರಣ ಮಣ್ಣು.

ನಾವು ಬಳಸುವ ಕ್ರಿಮಿನಾಶಕ ಮದ್ದುಗಳೆಲ್ಲ ಒಂದೇ ಜಾತಿಯವಲ್ಲ. ಬ್ಲೀಚಿಂಗ್ ಪುಡಿಯ ಶಕ್ತಿಯನ್ನು ಮುಗಿಸುವುದು ಶೆಗಣಿ, ಕಸ. ಕಪ್ಪು ಫಿನೈಲನ್ನೂ ಜೇಡಿಮಣ್ಣು ಅಷ್ಟಾಗಿ ಎಳೆಯುವುದಿಲ್ಲ. ನನ್ನ ಬಾಟಲಿಯ ಮೇಲೆ ಬರೆದಿದ್ದು ಬೆಂಜಾಲ್ಕೋನಿಯಂ ಕ್ಲೋರೈಡ್ ಅಂತ. ಇದು ಕ್ವಾಟರ್ನರಿ ಅಮೋನಿಯಂ ಎಂಬ ಗುಂಪಿಗೆ ಸೇರಿದ್ದು. ಕೋಳಿ ಶೆಡ್ ತೊಳೆಯುವ ಮದ್ದು, ಹಾಲಿನ ಕ್ಯಾನು ತೊಳೆಯುವ ಮದ್ದು, ಆಸ್ಪತ್ರೆಯ ನೆಲ ಒರೆಸುವ ಮದ್ದು, ಪೇಟೆಯಲ್ಲಿ ಸಿಗುವ ಎಷ್ಟೋ ಪರಿಮಳದ ನೆಲ ತೊಳೆಯುವ ದ್ರವಗಳು ಇದೇ ಗುಂಪಿನವು. 2020ರ ಕೊರೊನಾ ಕಾಲದಲ್ಲಿ ಇವುಗಳ ಬಳಕೆ ಬಹಳ ಏರಿತು. ನಿಮ್ಮ ಮನೆಯ ಬಾಟಲಿಯ ಚೀಟಿ ಒಮ್ಮೆ ಓದಿರಿ. ಬೆಂಜಾಲ್ಕೋನಿಯಂ ಎಂದೋ, ಕ್ವಾಟರ್ನರಿ ಎಂದೋ ಇದ್ದರೆ ಈ ಲೇಖನ ಅದಕ್ಕೆ ಸಂಬಂಧಿಸಿದ್ದು.

ಅಮೋನಿಯಂ ಅಂದರೆ ನಮಗೆ ಗೊತ್ತಿದ್ದದ್ದೇ, ಅಮೋನಿಯಂ ಸಲ್ಫೇಟ್ ಗೊಬ್ಬರದಲ್ಲಿ ಇರುವಂಥದ್ದು. ಅದರಲ್ಲಿ ನಡುವೆ ಒಂದು ಸಾರಜನಕ, ಅದರ ನಾಲ್ಕು ಕೈಯಲ್ಲಿ ನಾಲ್ಕು ಜಲಜನಕ. ಈ ಮದ್ದಿನಲ್ಲಿ ಆ ನಾಲ್ಕೂ ಕೈಗಳು ಇಂಗಾಲದ ಸರಗಳನ್ನು ಹಿಡಿದಿರುತ್ತವೆ, ಅದರಲ್ಲಿ ಒಂದು ಸರ ಬಾಲದಂತೆ ಉದ್ದ, ಎಣ್ಣೆಯ ಗುಣದ್ದು. ತಲೆಗೆ ಬ್ಯಾಟರಿಯ ಒಂದು ತುದಿಯಂತೆ ಧನ ವಿದ್ಯುತ್ತು. ರೋಗದ ಕ್ರಿಮಿಯ ಮೈಮೇಲೆ ಇರುವುದು ಋಣ ವಿದ್ಯುತ್ತು. ಹಾಗಾಗಿ ಮದ್ದಿನ ತಲೆ ಹೋಗಿ ಕ್ರಿಮಿಗೆ ಅಂಟುತ್ತದೆ, ಎಣ್ಣೆಯ ಬಾಲ ಕ್ರಿಮಿಯ ಜಿಡ್ಡಿನ ಪೊರೆಯೊಳಗೆ ಹೊಕ್ಕು ಅದನ್ನು ಹರಿಯುತ್ತದೆ. ಕ್ರಿಮಿ ಸಾಯುತ್ತದೆ.

ಜೇಡಿಮಣ್ಣಿನ ಮೈಮೇಲೆ ಇರುವುದೂ ಋಣ ವಿದ್ಯುತ್ತೇ. ಕ್ರಿಮಿಯನ್ನು ಹಿಡಿಯುವ ಕೈಯೇ ಮಣ್ಣನ್ನೂ ಹಿಡಿಯುತ್ತದೆ. ಬಕೆಟ್ಟಿನಲ್ಲಿ ಕ್ರಿಮಿಗಿಂತ ಮಣ್ಣೇ ಹೆಚ್ಚಿದ್ದರೆ ಮದ್ದು ಯಾರ ಪಾಲಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಎಲ್ಲ ಮಣ್ಣೂ ಒಂದೇ ಸಮ ಕುಡಿಯುವುದಿಲ್ಲ. ನಮ್ಮ ಎರಿಮಣ್ಣಿನಲ್ಲಿರುವ ಜೇಡಿಯನ್ನು ಶಾಸ್ತ್ರದವರು ಸ್ಮೆಕ್ಟೈಟ್ ಎಂಬ ಮನೆತನಕ್ಕೆ ಸೇರಿಸುತ್ತಾರೆ. ಅದರೊಳಗೆ ಮಾಂಟ್ಮೊರಿಲೊನೈಟ್ ಎಂಬುದು ಹೆಸರಾದದ್ದು, ಫ್ರಾನ್ಸಿನ ಮಾಂಟ್ಮೊರಿಲಾನ್ ಎಂಬ ಊರಿನಿಂದ ಬಂದ ಹೆಸರು. ಬುಟ್ಟಿಯಲ್ಲಿ ಕಟಕ ರೊಟ್ಟಿ ಒಂದರ ಮೇಲೊಂದು ಇಟ್ಟಂತೆ ಈ ಜೇಡಿಯ ಹಾಳೆಗಳು ಇರುತ್ತವೆ. ನೀರು ಕುಡಿದಾಗ ಹಾಳೆಗಳ ನಡುವೆ ನೀರು ಹೊಕ್ಕು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬ್ಯಾಸಗಿಯಲ್ಲಿ ಎರಿ ಹೊಲ ಕಾಲು ಸಿಗುವಷ್ಟು ಬಿರಿಯುವುದು ಇದರಿಂದಲೇ. ಆ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಗ್ರಾಂ ಮಾಂಟ್ಮೊರಿಲೊನೈಟಿನ ಮೈ 700ರಿಂದ 800 ಚದರ ಮೀಟರ್ ಆಗುತ್ತದೆಯಂತೆ. ನಮ್ಮ ಲೆಕ್ಕದಲ್ಲಿ ಏಳು ಗುಂಟೆ! ಒಂದು ಚಿಟಿಕೆ ಮಣ್ಣಿನಲ್ಲಿ ಏಳು ಗುಂಟೆ ಜಾಗ ಇದೆಯೆಂದು ಕೇಳಿದಾಗ ನಾನು ನಂಬಲಿಲ್ಲ. ಕೆಂಪು, ಮಸಾರಿ ಮಣ್ಣಿನಲ್ಲಿ ಹೆಚ್ಚಾಗಿ ಇರುವ ಕಾವೋಲಿನೈಟ್ ಜೇಡಿ ಹೀಗೆ ಬಿಚ್ಚಿಕೊಳ್ಳುವುದಿಲ್ಲ. ಅದರ ಒಂದು ಗ್ರಾಮಿನ ಮೈ ಒಂದು ಕೋಣೆಯ ನೆಲದಷ್ಟು, ಹತ್ತಿಪ್ಪತ್ತು ಚದರ ಮೀಟರ್.

ಮಣ್ಣಿನ ಈ ಗುಣ ಜಗತ್ತಿಗೆ ತಿಳಿದದ್ದು ಒಬ್ಬ ಬೇಸಾಯಗಾರನಿಂದ. ಇಂಗ್ಲೆಂಡಿನ ಯಾರ್ಕ್‌ಶೈರಿನ ಎಚ್. ಎಸ್. ಥಾಮ್ಸನ್ ಎಂಬ ಜಮೀನುದಾರ, ತಿಪ್ಪೆಗೊಬ್ಬರದ ಸಾರ ಮಳೆಯಲ್ಲಿ ತೊಳೆದು ಹೋಗುತ್ತದೋ ಇಲ್ಲವೋ ನೋಡಬೇಕೆಂದು, ಸ್ಪೆನ್ಸ್ ಎಂಬ ಔಷಧಿ ಬಲ್ಲವನ ಕೂಡ ಸೇರಿ ಮಣ್ಣಿನಲ್ಲಿ ಅಮೋನಿಯಂ ಸಲ್ಫೇಟ್ ಬೆರೆಸಿ ಮೇಲಿನಿಂದ ನೀರು ಹೊಯ್ದು ನೋಡಿದ. ಕೆಳಗೆ ಇಳಿದು ಬಂದ ನೀರಿನಲ್ಲಿ ಸಿಕ್ಕಿದ್ದು ಅಮೋನಿಯಂ ಸಲ್ಫೇಟ್ ಅಲ್ಲ, ಜಿಪ್ಸಮ್! ಮಣ್ಣು ಅಮೋನಿಯಂ ಹಿಡಿದುಕೊಂಡು ತನ್ನಲ್ಲಿದ್ದ ಸುಣ್ಣದ ಅಂಶವನ್ನು ಬಿಟ್ಟುಕೊಟ್ಟಿತ್ತು. ಇದನ್ನು ಅವನು 1850ರಲ್ಲಿ ಪ್ರಕಟಿಸಿದ. ಅದರ ಮೇಲೆ ಥಾಮಸ್ ವೇ ಎಂಬ ರಸಾಯನ ವಿಜ್ಞಾನಿ ಹೆಚ್ಚಿನ ಪರೀಕ್ಷೆ ಮಾಡಿದ. ನಾವು ಹೊಲಕ್ಕೆ ಹಾಕಿದ ಗೊಬ್ಬರ ಒಂದೇ ಮಳೆಗೆ ಹಳ್ಳ ಸೇರದೆ ಉಳಿಯುವುದರಲ್ಲಿ ಈ ಕೊಡು-ಕೊಳ್ಳುವಿಕೆಯ ಪಾಲು ದೊಡ್ಡದು.

ಮದ್ದು ಅಂಟುವುದೂ ಹೀಗೇ, ಆದರೆ ಒಂದು ವ್ಯತ್ಯಾಸ ಇದೆ. ಗೊಬ್ಬರದ ಅಮೋನಿಯಂ ಮಣ್ಣಿನಲ್ಲಿ ಬಾಡಿಗೆಗೆ ಇದ್ದಂತೆ. ಬೇರೆ ಲವಣ ಬಂದರೆ ಜಾಗ ಬಿಟ್ಟು ಹೊರಡುತ್ತದೆ, ಬೇರು ಕೇಳಿದರೂ ಸಿಗುತ್ತದೆ. ಮದ್ದಿಗೆ ಎಣ್ಣೆಯ ಬಾಲ ಇದೆ. ತಲೆ ಹಾಳೆಗೆ ಅಂಟಿಕೊಳ್ಳುತ್ತದೆ, ಬಾಲಗಳು ನೀರನ್ನು ಒಲ್ಲದೆ ಒಂದಕ್ಕೊಂದು ಹೆಣೆದುಕೊಂಡು ರೊಟ್ಟಿಗಳ ನಡುವೆ ಮಲಗಿಬಿಡುತ್ತವೆ. ಹೀಗೆ ಹೊಕ್ಕದ್ದನ್ನು ಮಳೆನೀರು ತೊಳೆದು ಹೊರಹಾಕುವುದು ಕಷ್ಟ. ಇದೇ ಗುಣವನ್ನು ಕಾರಖಾನೆಯವರು ಕೆಲಸಕ್ಕೆ ಹಚ್ಚಿದ್ದಾರೆ. ಬೆಂಟೋನೈಟ್ ಜೇಡಿಗೆ ಇಂಥ ಕ್ವಾಟರ್ನರಿ ಉಣಿಸಿ, ಅದು ನೀರು ಬಿಟ್ಟು ಎಣ್ಣೆ ಹಿಡಿಯುವಂತೆ ಮಾಡಿ, ಪೇಂಟಿಗೆ, ಗ್ರೀಸಿಗೆ ಹಾಕುತ್ತಾರೆ.

ಇನ್ನು ನನ್ನ ಬಕೆಟ್ಟಿನ ಲೆಕ್ಕ. ಡಾಕ್ಟರು ಔಷಧಿ ಚೀಟಿಯ ಹಿಂದೆಯೇ ಬರೆದು ತೋರಿಸಿದರು. ಹತ್ತು ಲೀಟರ್ ನೀರಿನಲ್ಲಿ ಅಸಲು ಮದ್ದು ಇರುವುದು ಎರಡು ಗ್ರಾಂ. ಒಳ್ಳೆಯ ಎರಿಮಣ್ಣಿನ ಹಿಡಿಯುವ ಶಕ್ತಿಯ ಮೇಲೆ ಲೆಕ್ಕ ಹಾಕಿದರೆ ಇದಕ್ಕೆ ಹನ್ನೆರಡು ಗ್ರಾಂ ಮಣ್ಣು ಸಾಕು, ಅಂದರೆ ಎರಡು ಮೂರು ಚಮಚ. ಕಾಗದದ ಲೆಕ್ಕ ಬೇರೆ, ಬಕೆಟ್ಟಿನಲ್ಲಿ ಅಷ್ಟೂ ಒಮ್ಮೆಲೇ ಅಂಟುವುದಿಲ್ಲ ಎಂದು ಅವರೇ ಹೇಳಿದರು. ಆದರೆ ನನ್ನ ಬಕೆಟ್ಟಿನ ತಳದಲ್ಲಿ ಕೂತಿದ್ದ ರಾಡಿ ಒಂದು ಮುಷ್ಟಿಗೆ ಕಡಿಮೆ ಇರಲಿಲ್ಲ.

ನಂಬದವರು ಮನೆಯಲ್ಲಿ ಮಾಡಿ ನೋಡಬಹುದು. ಗಾಯಕ್ಕೆ ಹಚ್ಚುವ ನೇರಳೆ ಬಣ್ಣದ ಜೆನ್ಶಿಯನ್ ವಯೊಲೆಟ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದರ ತಲೆಯಲ್ಲಿ ಇರುವುದೂ ಧನ ವಿದ್ಯುತ್ತೇ, ಹಾಗಾಗಿ ಮಣ್ಣಿಗೆ ಅದೇ ರೀತಿ ಅಂಟುತ್ತದೆ. ಕಣ್ಣಿಗೆ ಕಾಣುವುದು ಅದರ ಅನುಕೂಲ. ಮೂರು ಖಾಲಿ ಬಾಟಲಿಯಲ್ಲಿ ಒಂದೊಂದು ಲೋಟ ತಿಳಿ ನೀರು ತೆಗೆದುಕೊಂಡೆ. ಒಂದಕ್ಕೆ ತೊಳೆದ ಉಸುಕು, ಒಂದಕ್ಕೆ ನಮ್ಮ ಬೀಗರ ಹೊಲದ ಮಸಾರಿ ಮಣ್ಣು, ಒಂದಕ್ಕೆ ನಮ್ಮ ಎರಿ, ಹೀಗೆ ಪುಡಿ ಮಾಡಿದ್ದು ಒಂದೊಂದೇ ಚಿಟಿಕೆ. ಹೆಚ್ಚು ಹಾಕಿದರೆ ಮಸಾರಿಯೂ ಪೂರ್ತಿ ಕುಡಿದುಬಿಡುತ್ತದೆ, ಭೇದ ತಿಳಿಯುವುದಿಲ್ಲ. ಆಮೇಲೆ ಮೂರಕ್ಕೂ ಇಪ್ಪತ್ತು ಹನಿ ಔಷಧಿ ಬಿಟ್ಟು ಚೆನ್ನಾಗಿ ಅಲುಗಾಡಿಸಿ ರಾತ್ರಿಯಿಡೀ ಇಟ್ಟೆ. ಮುಂಜಾನೆ ನೋಡಿದರೆ ಉಸುಕಿನ ಬಾಟಲಿ ಗಾಢ ನೇರಳೆ, ಹಾಕಿದ್ದು ಹಾಕಿದಂತೆಯೇ ಇದೆ. ಮಸಾರಿಯದು ತಿಳಿ ನೇರಳೆ. ಎರಿಯ ಬಾಟಲಿಯಲ್ಲಿ ನೀರಿಗೆ ಬಣ್ಣವೇ ಇಲ್ಲವೆನ್ನುವಷ್ಟು ಕಡಿಮೆ, ತಳದಲ್ಲಿ ಮಣ್ಣು ಮಾತ್ರ ಶಾಯಿಯಲ್ಲಿ ಅದ್ದಿದಂತೆ. ಆ ಮಣ್ಣಿಗೆ ಹೊಸ ನೀರು ಹಾಕಿ ಎರಡು ಸಲ ಅಲುಗಾಡಿಸಿದೆ, ಬಣ್ಣ ಬಿಡಲಿಲ್ಲ. ಗಾಜಿಗೂ ಬಣ್ಣ ಹತ್ತುತ್ತದೆ, ಕೈಗೆ ಹತ್ತಿದರೆ ವಾರಗಟ್ಟಲೆ ಹೋಗುವುದಿಲ್ಲ, ಮಕ್ಕಳ ಕೈಗೆ ಕೊಡಬೇಡಿ.

ಕಳೆನಾಶಕ ಹೊಡೆಯುವವರಿಗೂ ಇದು ಸಂಬಂಧಿಸಿದ್ದೇ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೂ ಧನ ವಿದ್ಯುತ್ತು ಇದೆ. ಹಳ್ಳದ ರಾಡಿ ನೀರಿನಲ್ಲಿ ಕಲಸಿದರೆ ಟ್ಯಾಂಕಿನಲ್ಲಿಯೇ ಮಣ್ಣಿಗೆ ಅಂಟಿ ಸತ್ತಿರುತ್ತದೆ, ಕರಿಕೆ ನಗುತ್ತಾ ನಿಂತಿರುತ್ತದೆ. ಆ ವಿಷ ಹೊಟ್ಟೆಗೆ ಹೋದವರಿಗೆ ಆಸ್ಪತ್ರೆಯಲ್ಲಿ ಮುಲ್ತಾನಿ ಮಿಟ್ಟಿಯಂಥ ಜೇಡಿಯನ್ನೋ ಬೆಂಟೋನೈಟನ್ನೋ ಕುಡಿಸುತ್ತಿದ್ದುದು ಇದೇ ಗುಣದ ಮೇಲೆ. ತಡವಾದರೆ ಅದೂ ಉಪಯೋಗವಿಲ್ಲ, ಬೇಗ ಕೊಟ್ಟರೂ ಜೀವ ಉಳಿದೀತೆಂಬ ಭರವಸೆ ಇಲ್ಲ.

ಮಣ್ಣು ಕುಡಿದರೆ ಒಳ್ಳೆಯದೇ ಆಯಿತಲ್ಲ, ವಿಷ ಬಾವಿಗೆ ಇಳಿಯುವುದಿಲ್ಲ, ಹೊಲದ ಒಳ್ಳೆಯ ಕ್ರಿಮಿಗಳೂ ಬದುಕುತ್ತವೆ ಎಂದು ನಾನೂ ಮೊದಲು ಅಂದುಕೊಂಡೆ. ಅರ್ಧ ನಿಜ. ಜರ್ಮನಿಯ ಗೀಸೆನ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಸ್ಮೆಕ್ಟೈಟ್ ಜೇಡಿ ಇದ್ದಲ್ಲಿ ಈ ಮದ್ದಿನ ವಿಷ ಬ್ಯಾಕ್ಟೀರಿಯಾಗಳಿಗೆ ಕಡಿಮೆ ತಟ್ಟಿದೆ. ನನ್ನ ಬಕೆಟ್ಟಿನಲ್ಲಿ ಆದದ್ದೂ ಅದೇ ಅನ್ನಿ. ಇನ್ನರ್ಧ ಹೀಗಿದೆ: ಗಾಳಿ ಆಡುವ ನೀರಿನಲ್ಲಿ ಈ ಮದ್ದನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾಗಳು ಇವೆ. ರೊಟ್ಟಿಗಳ ನಡುವೆ ಹೊಕ್ಕು ಕೂತ ಮದ್ದು ಅವುಗಳ ಬಾಯಿಗೆ ಸಿಗುವುದಿಲ್ಲ. ಸಾಯಿಸುವುದೂ ಇಲ್ಲ, ತಾನು ಸಾಯುವುದೂ ಇಲ್ಲ, ಹಾಗೇ ಕೂತಿರುತ್ತದೆ. ದಿನಾ ಬಂದು ಸೇರುತ್ತಿದ್ದರೆ ಕೂಡುತ್ತಾ ಹೋಗುತ್ತದೆ.

ಕೂಡುವುದು ಬರೀ ಊಹೆಯಲ್ಲ. ಮೆಕ್ಸಿಕೋ ನಗರದ ಉತ್ತರಕ್ಕೆ ಮೆಸ್ಕಿತಾಲ್ ಎಂಬ ಕಣಿವೆ ಇದೆ. ಮಳೆ ಕಡಿಮೆಯ ಸೀಮೆ, ನಮ್ಮದೇ ಪಾಡು. ನೂರು ವರ್ಷಕ್ಕೂ ಹಿಂದಿನಿಂದ ಅಲ್ಲಿಯ ರೈತರು ನಗರದ ಚರಂಡಿ ನೀರು ಹಾಯಿಸಿ ಗೋವಿನಜೋಳ, ಕುದುರೆ ಮೆಂತ್ಯ ಬೆಳೆದಿದ್ದಾರೆ. ನೀರಿನ ಜೊತೆ ಗೊಬ್ಬರದ ಅಂಶವೂ ಬರುತ್ತದೆ, ಬೆಳೆ ಚೆನ್ನಾಗಿದೆ. ಹೆಚ್ಚು ವರ್ಷ ನೀರು ಹಾಯಿಸಿದ ಹೊಲಗಳಲ್ಲಿ ಕ್ವಾಟರ್ನರಿ ಮದ್ದುಗಳು ಹೆಚ್ಚು ಕೂಡಿರುವುದನ್ನು ಅದೇ ಗೀಸೆನ್ನಿನವರು ಸೇರಿದ ತಂಡ 2021ರಲ್ಲಿ ಪ್ರಕಟಿಸಿತು. ಅಲ್ಲಿಯೂ ಉಬ್ಬಿ ಬಿರಿಯುವ ಕಪ್ಪು ಮಣ್ಣು ಇದೆ. ನಮ್ಮ ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಚರಂಡಿ ಹಳ್ಳಕ್ಕೆ ಪಂಪು ಹಚ್ಚಿ ಕಾಯಿಪಲ್ಲೆ, ಹಣ್ಣಿನ ಗಿಡ ಬೆಳೆದದ್ದೂ ಹಳೆಯ ಸಂಗತಿ. ಆ ರೈತರನ್ನು ನಾನು ದೂರುವುದಿಲ್ಲ. ಬೇರೆ ನೀರಿಲ್ಲದವನಿಗೆ ಸಿಕ್ಕ ನೀರೇ ಗಂಗೆ. ಆದರೆ ಪೇಟೆಯ ಆಸ್ಪತ್ರೆ, ಹೋಟೆಲು, ಮನೆಗಳ ನೆಲ ತೊಳೆದ ಮದ್ದು ಕೊನೆಗೆ ಯಾರ ಹೊಲದಲ್ಲಿ ಕೂರುತ್ತದೆ ಎಂಬುದನ್ನು ಪೇಟೆಯವರು ಯಾವಾಗಲಾದರೂ ವಿಚಾರ ಮಾಡಿದ್ದಾರೆಯೇ? ನಗರಸಭೆಯ ಚರಂಡಿ ಕೆಸರನ್ನು ಗೊಬ್ಬರವೆಂದು ಕೊಡಲು ಬಂದರೆ ಇದರ ಪರೀಕ್ಷೆ ಆಗಿದೆಯೇ ಎಂದು ಕೇಳುವ ಹಕ್ಕು ನಮಗಿದೆ.

ಕೂಡಿದರೆ ಏನಾಗುತ್ತದೆ? ಬೆಳೆ ಒಣಗುತ್ತದೆ ಎಂದು ನಾನು ಹೆದರಿಸುವುದಿಲ್ಲ. ಅಂಜಿಕೆ ಇರುವುದು ಬೇರೆ ಕಡೆ. ಕೊಲ್ಲಲು ಸಾಲದಷ್ಟು ಸಣ್ಣ ಪ್ರಮಾಣದ ಮದ್ದಿನ ನಡುವೆ ಬೆಳೆದ ಕ್ರಿಮಿಗಳು ಅದನ್ನು ತಡೆದುಕೊಳ್ಳುವುದನ್ನು ಕಲಿಯುತ್ತವೆ. ಕಲಿತದ್ದನ್ನು ಒಂದು ಇನ್ನೊಂದಕ್ಕೆ ದಾಟಿಸುತ್ತವೆ. ಇಲ್ಲಿ ಒಂದು ಸೋಜಿಗ ಇದೆ. 1935ರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಎಂಬ ವೈದ್ಯ ಎರಡು ಸಂಗತಿಗಳನ್ನು ಪ್ರಕಟಿಸಿದ. ಒಂದು, ಸಲ್ಫಾ ಗುಂಪಿನ ಮೊದಲ ಔಷಧಿ. ಇದರ ಸಲುವಾಗಿ 1939ರಲ್ಲಿ ನೊಬೆಲ್ ಬಹುಮಾನ ಬಂತು. ಎರಡನೆಯದು, ಈ ಕ್ವಾಟರ್ನರಿ ಮದ್ದು ಕ್ರಿಮಿ ಕೊಲ್ಲುತ್ತದೆ ಎಂಬುದು. ಈಗ ನೋಡಿದರೆ ಸಲ್ಫಾ ಔಷಧಿಯನ್ನು ತಡೆಯುವ ಗುಣ, ಕ್ವಾಟರ್ನರಿಯನ್ನು ತಡೆಯುವ ಗುಣ ಎರಡೂ ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ ಒಂದೇ ದಾರದಲ್ಲಿ ಪೋಣಿಸಿದಂತೆ ಜೊತೆಗೇ ಸಿಗುತ್ತವೆ. ಒಬ್ಬನೇ ಕೊಟ್ಟ ಎರಡು ಆಯುಧಗಳನ್ನು ಕ್ರಿಮಿಗಳು ಒಟ್ಟಿಗೇ ಕಸಿದುಕೊಂಡವು. ನೆಲ ತೊಳೆಯುವ ಮದ್ದು ಅಡ್ಡಾದಿಡ್ಡಿ ಬಳಸಿದರೆ ನಾಳೆ ಕರುವಿನ ಭೇದಿಗೆ ಕೊಡುವ ಗುಳಿಗೆ ನಾಟದೆ ಹೋಗಬಹುದು. ನನಗೆ ಇದರದೇ ಹೆದರಿಕೆ ಹೆಚ್ಚು.

ನಮ್ಮಂಥ ಎರಡು ಎಮ್ಮೆಯವರು ಚೆಲ್ಲುವ ಮದ್ದು ಎಷ್ಟು? ಒಂದು ಎಕರೆಯ ಆರು ಇಂಚು ಮೇಲ್ಮಣ್ಣೇ ಸುಮಾರು ಒಂಬತ್ತು ಲಕ್ಷ ಕಿಲೋ. ಅದರ ಮುಂದೆ ಬಕೆಟ್ಟಿನ ಎರಡು ಗ್ರಾಂ ಏನೂ ಅಲ್ಲ. ತೊಂದರೆ ಇರುವುದು ದಿನಾ ಒಂದೇ ತಗ್ಗಿಗೆ ಚೆಲ್ಲುವುದರಲ್ಲಿ, ಹಳ್ಳಕ್ಕೆ ಬಿಡುವುದರಲ್ಲಿ, ಗೋಬರ್ ಗ್ಯಾಸಿನ ಗುಂಡಿಗೆ ಹರಿಸುವುದರಲ್ಲಿ. ಗ್ಯಾಸ್ ಮಾಡುವ ಕ್ರಿಮಿಗಳಿಗೆ ಈ ಮದ್ದು ಆಗುವುದಿಲ್ಲ, ಹೆಚ್ಚು ಹೋದರೆ ಗ್ಯಾಸ್ ಇಳಿಯುತ್ತದೆ. ಗಾಳಿಯಿಲ್ಲದ ಆ ಗುಂಡಿಯಲ್ಲಿ ಬೆಂಜಾಲ್ಕೋನಿಯಂ ಕರಗುವುದೂ ಇಲ್ಲ, ಸ್ಲರಿಯ ಕೂಡ ಹೊಲಕ್ಕೆ ಬರುತ್ತದೆ.

ಈಗ ನಮ್ಮ ಮನೆಯಲ್ಲಿ ರೂಢಿ ಬದಲಾಗಿದೆ. ಮೊದಲು ಕೆಚ್ಚಲಿನ ರಾಡಿ, ಶೆಗಣಿಯನ್ನು ಬರೀ ನೀರಿನಲ್ಲಿ ತೊಳೆಯುವುದು. ಇದಕ್ಕೆ ಹೊಂಡದ ನೀರು ನಡೆಯುತ್ತದೆ, ಆದರೆ ಕೊನೆಯ ಚರಗಿ ತಿಳಿ ನೀರಿನದು ಇರಬೇಕು. ಸೋಪು ಹಚ್ಚಿದರೆ ಪೂರ್ತಿ ಹೋಗುವಂತೆ ತೊಳೆಯಬೇಕು, ಏಕೆಂದರೆ ಸೋಪು ಮತ್ತು ಈ ಮದ್ದು ಒಂದನ್ನೊಂದು ಕೆಡಿಸುತ್ತವೆ. ಆಮೇಲೆ ಬೇರೆ ಬಕೆಟ್ಟಿನಲ್ಲಿ ತಿಳಿ ನೀರಿಗೆ ಮದ್ದು. ನಮ್ಮ ಬೋರಿನ ಸವಳು ಗಡಸು ನೀರಿನಲ್ಲಿಯೂ ಇದರ ಶಕ್ತಿ ತಗ್ಗುತ್ತದೆ, ಅದಕ್ಕಾಗಿ ಮಾಳಿಗೆಯಿಂದ ಹಿಡಿದ ಮಳೆನೀರು ಒಂದು ಡ್ರಮ್ಮು ಬೇರೆ ಇಟ್ಟಿದ್ದೇವೆ. ಒಂದು ಎಮ್ಮೆಗೆ ಒಂದು ಅರಿವೆ, ಬಳಸಿದ ಅರಿವೆ ಮತ್ತೆ ಮದ್ದಿನ ಬಕೆಟ್ಟಿಗೆ ಹೋಗುವ ಹಾಗಿಲ್ಲ. ಹತ್ತು ಲೀಟರ್ ಕಲಸುವ ಬದಲು ಎರಡು ಲೀಟರ್ ಸಾಕಾಗುತ್ತದೆ, ಮದ್ದಿನ ಖರ್ಚು ಐದರಲ್ಲಿ ಒಂದು ಪಾಲಿಗೆ ಇಳಿದಿದೆ. ಉಳಿದ ನೀರನ್ನು ಬಾವಿ, ಹಳ್ಳದಿಂದ ದೂರ, ಬಿಸಿಲು ಗಾಳಿ ಆಡುವ ಒಡ್ಡಿನ ಮೇಲೆ ದಿನಕ್ಕೊಂದು ಕಡೆ ತೆಳ್ಳಗೆ ಚೆಲ್ಲುತ್ತೇನೆ. ಹಾಲಿನ ಪಾತ್ರೆಗೆ ಮದ್ದು ಹಾಕಿದರೆ ಎರಡು ಸಲ ಬರೀ ನೀರಿನಲ್ಲಿ ತೊಳೆಯಲೇಬೇಕು. ಅದರ ಅಂಶ ಉಳಿದರೆ ಹೆಪ್ಪಿನ ಕ್ರಿಮಿಗಳೂ ಸಾಯುತ್ತವೆ. ಎರಡು ಸಲ ನಮ್ಮ ಮನೆಯಲ್ಲಿ ಮೊಸರು ಹೆಪ್ಪಾಗದೆ ಹೋದಾಗ ನಾವು ಹೆಪ್ಪನ್ನು ಬೈದಿದ್ದೆವು.

ಎರಡನೇ ಎಮ್ಮೆ ಪೂರ್ತಿ ಗುಣವಾಯಿತು. ಮೊದಲಿನದು ಮೂರು ಮೊಲೆಯಲ್ಲಿ ಹಾಲು ಕೊಡುತ್ತಿದೆ, ಹೊತ್ತಿಗೆ ಎರಡೂವರೆ ಲೀಟರ್.

ಕುರಿ ಸಾಕುವವರು ಗೊರಸು ಬೇನೆಗೆ ಮೈಲುತುತ್ತದ ನೀರು ನಿಲ್ಲಿಸಿ ಹಿಂಡನ್ನು ದಾಟಿಸುತ್ತಾರೆ. ತಾಮ್ರಕ್ಕೂ ಧನ ವಿದ್ಯುತ್ತೇ ಇರುವುದರಿಂದ ಕುರಿಗಳ ಕಾಲಿನ ಎರಿ ಅದನ್ನೂ ಕುಡಿಯುತ್ತದೆ. ಎಷ್ಟು ಕುರಿ ದಾಟಿದ ಮೇಲೆ ನೀರು ಬದಲಿಸುತ್ತೀರಿ, ದಾಟಿಸುವ ಮೊದಲು ಕಾಲು ತೊಳೆಯುವ ಏರ್ಪಾಟು ಯಾರಾದರೂ ಮಾಡಿದ್ದೀರಾ, ಅನುಭವ ಇದ್ದವರು ಪತ್ರಿಕೆಗೆ ಬರೆದು ತಿಳಿಸಿರಿ. ನಮ್ಮೂರಿನ ಕುರಿಯವರು ಕೇಳುತ್ತಿದ್ದಾರೆ.